ಬಾವುಟದವನ ಕಣ್ಣು

ಕುಂಚಗಳನ್ನು ಒಂದೊಂದಾಗಿ ತೊಳೆದು, ತುದಿಯನ್ನು ಎರಡು ಬೆರಳುಗಳ ನಡುವೆ ಎಳೆದು ಚೂಪು ಮಾಡಿ, ಹಳೆಯ ಟವೆಲಿನ ಮೇಲೆ ಸಾಲಾಗಿ ಮಲಗಿಸಿದೆ. ಆರು ದೊಡ್ಡವು, ನಾಲ್ಕು ಸಣ್ಣವು, ಆಮೇಲೆ ತೀರಾ ಸಣ್ಣದು ಒಂದು. ಆ ಕೊನೆಯದಕ್ಕೆ ಎಣಿಸಿದರೆ ಹತ್ತು ಹನ್ನೆರಡು ಕೂದಲಿರಬಹುದು. ಒಂದೂವರೆ ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಆದರೂ ತೊಳೆದೆ. ಲೋಟದ ನೀರು ಚೆಲ್ಲಿ ಹೊಸ ನೀರು ತುಂಬಿದೆ. ಮೇಜಿನ ಧೂಳು ಒರೆಸಿದೆ. ಪಕ್ಕದ ಕೋಣೆಯಲ್ಲಿ ದೊಡ್ಡಪ್ಪ ಪೇಪರ್ ಹಿಡಿದು ಕೂತಿದ್ದರು. ಪುಟ ಮಗುಚಿದ ಸದ್ದು ಬಹಳ ಹೊತ್ತಿನಿಂದ ಕೇಳಿಸಿರಲಿಲ್ಲ.

ಅದು ಭಾನುವಾರ. ಮಧ್ಯಾಹ್ನ ಮೂರಕ್ಕೆ ದೊಡ್ಡಪ್ಪನ ಗೆಳೆಯ ಕಂಪೌಂಡರ್ ಬರುವವರಿದ್ದರು. ಬರುವ ಬುಧವಾರ ಅವರು ಮನೆ ಖಾಲಿ ಮಾಡಿ ಮಗಳ ಊರಿಗೆ ಹೋಗುತ್ತಿದ್ದರು. ಇವತ್ತು ಅವರಿಬ್ಬರ ಆಟ ನಡೆದರೆ ನಡೆಯಿತು, ಇಲ್ಲದಿದ್ದರೆ ಇನ್ನಿಲ್ಲ.

ದೊಡ್ಡಪ್ಪ ಹಲ್ಲಿನ ಸೆಟ್ ಮಾಡುವವರು. ಊರಿನ ನಾಲ್ಕು ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ. ನಾವು ಅದರಿಂದ ಪ್ಲಾಸ್ಟರಿನ ದವಡೆ ಎರಕ ಹೊಯ್ದು, ಗುಲಾಬಿ ಮೇಣದಲ್ಲಿ ವಸಡು ಮಾಡಿ, ಹಲ್ಲು ಕೂರಿಸಿ ಕೊಡುತ್ತೇವೆ. ನಾನು ಅಲ್ಲಿಗೆ ಬಂದಾಗ ನನಗೆ ಹದಿಮೂರು. ಎಂಟನೇ ಕ್ಲಾಸಿನಲ್ಲಿ ಟೀಚರ್ ನನಗೆ, "ಎದ್ದು ನಿಂತು ಪಾಠ ಓದು," ಅಂದರು. ನಾನು ಎದ್ದು ನಿಂತೆ. ದನಿ ಬರಲಿಲ್ಲ. ಓದುವ ತನಕ ಕೂರಬೇಡ ಅಂದರು. ಆ ಪೀರಿಯಡ್ ಮುಗಿಯುವ ತನಕ ನಿಂತಿದ್ದೆ. ಮರುದಿನವೂ ಹಾಗೇ ಆಯಿತು. ಅರ್ಧವಾರ್ಷಿಕ ಪರೀಕ್ಷೆ ಆದ ಮೇಲೆ ನಾನು ಶಾಲೆಯ ಕಡೆ ತಲೆ ಹಾಕಲಿಲ್ಲ. ಅಪ್ಪ ಬೈದರು, ಅಮ್ಮ ಅತ್ತಳು. ದೊಡ್ಡಪ್ಪ ಮಾತ್ರ, "ನನ್ನ ಹತ್ರ ಕಳಿಸು. ನನ್ನಲ್ಲಿರೋ ಬಾಯಿಗಳೆಲ್ಲ ಪ್ಲಾಸ್ಟರಿನವು, ಒಂದೂ ಮಾತಾಡಲ್ಲ. ಅವಳಿಗೆ ಸರಿಹೋಗತ್ತೆ," ಅಂದರು.

ಹಲ್ಲಿನ ಕೆಲಸ ಮುಂದಿನ ಕೋಣೆಯಲ್ಲಿ. ಹಿಂದಿನ ಕೋಣೆಯಲ್ಲಿ ಯುದ್ಧ.

ಒಂದು ಭಾನುವಾರ ಸಂಜೆ ಮೊದಲ ಸಲ ಆ ಕೋಣೆಗೆ ಕಸ ಗುಡಿಸಲು ಹೋದವಳು ಪೊರಕೆ ಹಿಡಿದು ನಿಂತೇಬಿಟ್ಟಿದ್ದೆ. ಒಂದು ಹಳೆಯ ಬಾಗಿಲನ್ನು ಎರಡು ಬೆಂಚುಗಳ ಮೇಲೆ ಮಲಗಿಸಿ, ಅದರ ಮೇಲೆ ಹಸಿರು ಬಟ್ಟೆ ಹಾಸಿತ್ತು. ಪ್ಲಾಸ್ಟರಿನ ಮನೆಗಳು, ಬೆಂಕಿಕಡ್ಡಿಯ ಬೇಲಿಗಳು, ನೀಲಿ ಬಣ್ಣ ಬಳಿದ ಒಂದು ಹೊಳೆ. ಹೊಳೆಯ ಎರಡೂ ದಡದಲ್ಲಿ ಹೆಬ್ಬೆರಳ ಗೆಣ್ಣಿನಷ್ಟು ಎತ್ತರದ ಸಿಪಾಯಿಗಳು, ನೂರಾರು. ಈ ಕಡೆ ನೀಲಿ ಕೋಟಿನವರು, ದೊಡ್ಡಪ್ಪನವರು. ಆ ಕಡೆ ಕೆಂಪು ಕೋಟಿನವರು, ಕಂಪೌಂಡರ್ ಅವರವರು. ಒಬ್ಬೊಬ್ಬನಿಗೂ ಗುಂಡಿಗಳಿದ್ದವು, ಬೂಟಿನ ಲೇಸ್ ಇತ್ತು, ಮೀಸೆಯಿತ್ತು.

ದೊಡ್ಡಪ್ಪನಿಗೆ ಎಲ್ಲ ಸಲಕರಣೆಯೂ ಹಲ್ಲಿನದೇ. ಸಿಪಾಯಿಯನ್ನು ಗುಲಾಬಿ ಮೇಣದಿಂದ ಪ್ಲಾಸ್ಟರಿನ ಗುಪ್ಪೆಗೆ ಅಂಟಿಸಿ ಹಿಡಿದುಕೊಳ್ಳುತ್ತಿದ್ದರು. ಹಲ್ಲು ಕೆರೆಯುವ ಕೊಕ್ಕೆಯಿಂದಲೇ ಅವನ ಮೈಮೇಲಿನ ಅಚ್ಚಿನ ಗೀಟು ಕೆರೆದು ತೆಗೆಯುತ್ತಿದ್ದರು. ಬಿಳಿ ಬಣ್ಣದಲ್ಲಿ ಅವರಿಗೆ ಹದಿನಾರು ಬಗೆ. "ಎದೆಪಟ್ಟಿಗೆ ಹುಡುಗಿ ಹಲ್ಲಿನ ಬಿಳಿ ಹಾಕು, ಪ್ಯಾಂಟಿಗೆ ಟೀ ಕುಡಿಯೋರ ಬಿಳಿ, ಕುದುರೆಗೆ ಸಿಗರೇಟು ಸೇದೋರ ಬಿಳಿ," ಅನ್ನುವರು. ನಾನು ಹೊಸದಾಗಿ ಯಾರನ್ನು ನೋಡಿದರೂ ಮೊದಲು ಅವರ ಹಲ್ಲು ನೋಡಿ, ಇದು ಯಾವ ಸಿಪಾಯಿಯ ಪ್ಯಾಂಟು ಅಂತ ಯೋಚಿಸುವುದು ಆಗ ಶುರುವಾಗಿದ್ದು ಇನ್ನೂ ಹೋಗಿಲ್ಲ.

ಭಾನುವಾರ ಕಂಪೌಂಡರ್ ಬರುತ್ತಿದ್ದರು. ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸ ಅವರದು. ತಮ್ಮ ಸೈನ್ಯವನ್ನು ಮಾತ್ರೆಯ ಪೆಟ್ಟಿಗೆಗಳಲ್ಲಿ ಹತ್ತಿ ಸುತ್ತಿ ತರುವರು. ದೊಡ್ಡಮ್ಮನ ಹೊಲಿಗೆಯ ಟೇಪಿನಿಂದ ಅಳೆದು ಅಳೆದು ಸಿಪಾಯಿಗಳನ್ನು ಮುಂದೆ ಸರಿಸುವುದು, ದಾಳ ಹಾಕುವುದು, ಬಿದ್ದ ಸಂಖ್ಯೆಯಷ್ಟು ಜನರನ್ನು ಎತ್ತಿ ಬಿಸ್ಕತ್ತು ಡಬ್ಬಿಯ ಮುಚ್ಚಳದಲ್ಲಿ ಮಲಗಿಸುವುದು.

"ಬಾ ಹಲ್ಲಪ್ಪ, ನಿನ್ನ ಗಾಯಾಳುಗಳನ್ನ ನನ್ನ ಆಸ್ಪತ್ರೆಗೆ ಸೇರಿಸು," ಅನ್ನುವರು ಕಂಪೌಂಡರ್.

"ನಿನ್ನ ಆಸ್ಪತ್ರೆಗೆ ಸೇರಿದವನು ಯಾವನಯ್ಯಾ ಎದ್ದು ಬಂದಿದಾನೆ?"

"ಅಲ್ಲಯ್ಯಾ, ನಿನ್ನ ಸೈನ್ಯಕ್ಕೆಲ್ಲ ಯಾಕೆ ಮೆಳ್ಳೆಗಣ್ಣು? ಒಬ್ಬನಾದ್ರೂ ನನ್ನ ಮುಖ ನೋಡ್ತಾನಾ?"

ಅದು ನಿಜ. ದೊಡ್ಡಪ್ಪ ಬರೆದ ಕಣ್ಣುಗಳೆಲ್ಲ ಒಂಚೂರು ಎಡಕ್ಕೆ ನೋಡುತ್ತಿದ್ದವು. ಅವರು ಕೂರುವ ಜಾಗಕ್ಕೆ ಕಿಟಕಿ ಎಡಗಡೆ ಇದೆ, ಬೆಳಕು ಅಲ್ಲಿಂದ ಬರುತ್ತದೆ. ಸಿಪಾಯಿಗಳು ಯುದ್ಧ ಬಿಟ್ಟು ಕಿಟಕಿ ನೋಡುತ್ತಿದ್ದರು.

"ಇಬ್ರಿಗೂ ಸೇರಿ ನೂರಿಪ್ಪತ್ತು ವರ್ಷ," ಅನ್ನುತ್ತ ದೊಡ್ಡಮ್ಮ ಟೀ ತಂದಿಡುವರು. "ಟೇಪ್ ಕೊಡ್ರೀ ಇಲ್ಲಿ, ಅರ್ಧ ಬ್ಲೌಸ್ ಮೆಷಿನ್ನಲ್ಲೇ ಇದೆ."

"ಇರಮ್ಮ, ಕುದುರೆ ಓಡ್ತಾ ಇದೆ," ಅನ್ನುವರು ಇಬ್ಬರೂ ಒಟ್ಟಿಗೆ.

ಆ ಕುದುರೆಗಳನ್ನೇ ನಾನು ಕೊಂದೆ. ಬಂದು ಮೂರು ತಿಂಗಳಾಗಿತ್ತು. ಹಳೆಯ ಬಣ್ಣ ತೆಗೆಯಲು ದೊಡ್ಡಪ್ಪ ಸೀಸದ ಸಿಪಾಯಿಗಳನ್ನು ಸೆಟ್ ಮಾಡುವ ದ್ರವದಲ್ಲಿ ನೆನೆಹಾಕುವುದನ್ನು ನೋಡಿದ್ದೆ. ಪುಡಿಗೆ ಕಲಸಿ ಗುಲಾಬಿ ವಸಡು ಮಾಡುತ್ತೇವಲ್ಲ, ಆ ಘಾಟು ದ್ರವ. ಬೆಳಗಾಗುವಷ್ಟರಲ್ಲಿ ಬಣ್ಣ ಸಿಪ್ಪೆಯ ಹಾಗೆ ಬಿಟ್ಟುಕೊಳ್ಳುತ್ತಿತ್ತು. ಒಂದು ಶನಿವಾರ ಅವರು ಹನ್ನೆರಡು ಕುದುರೆ ಸವಾರರನ್ನು ನನ್ನ ಮುಂದಿಟ್ಟು, "ಇವಕ್ಕೆ ಹೊಸ ಬಣ್ಣ ಹಾಕ್ಬೇಕು, ಹಳೇದು ತೆಗೆದಿಡು," ಅಂದು ಡಾಕ್ಟರ ಹತ್ತಿರ ಹೋದರು. ಯಾವುದರಲ್ಲಿ ತೆಗೆಯಲಿ ಅಂತ ಕೇಳಬೇಕೆನ್ನಿಸಿತು. ಸವಾರರು ಕೈಗೆ ಹಗುರವಾಗಿದ್ದರು, ಸೀಸದವರ ಹಾಗೆ ತಣ್ಣಗಿರಲಿಲ್ಲ. ಅಷ್ಟು ಗಮನಿಸಿದ್ದೆ. ಆದರೆ ಕೇಳಬೇಕಾದರೆ ಮಾತಾಡಬೇಕಲ್ಲ. ಜಾಡಿಗೆ ಹಾಕಿ ಮುಚ್ಚಳ ಮುಚ್ಚಿಬಿಟ್ಟೆ.

ಸೀಸದವರನ್ನು ಆ ದ್ರವ ಏನೂ ಮಾಡುವುದಿಲ್ಲ. ಪ್ಲಾಸ್ಟಿಕ್‌ನವರನ್ನು ಕರಗಿಸಿಬಿಡುತ್ತದೆ. ಭಾನುವಾರ ಬೆಳಿಗ್ಗೆ ಮುಚ್ಚಳ ತೆಗೆದರೆ ಜಾಡಿಯ ತಳದಲ್ಲಿ ಒಂದೇ ಮುದ್ದೆ. ಅದರಿಂದ ಒಂದು ಕಿವಿ, ಅರ್ಧ ಕತ್ತಿ, ಯಾರದೋ ಟೋಪಿ ಹೊರಗೆ ಚಾಚಿಕೊಂಡಿದ್ದವು. ನಾನು ಜಾಡಿ ಹಿಡಿದು ಗೋಡೆಗೆ ಅಂಟಿ ನಿಂತೆ. ದೊಡ್ಡಪ್ಪ ಇಣುಕಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಜಾಡಿಯನ್ನು ನನ್ನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟರು.

ಮೂರು ಗಂಟೆಗೆ ಬಂದ ಕಂಪೌಂಡರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಲ್ಲಪ್ಪ! ಕುದುರೆಗಳಿಗೂ ಸೆಟ್ ಮಾಡಕ್ಕೆ ಹೊರಟಿದ್ಯಾ? ಯಾರು ಮಾಡಿದ್ದು ಈ ಘನಕಾರ್ಯ?"

"ನಾನೇ," ಅಂದರು ದೊಡ್ಡಪ್ಪ. "ವಯಸ್ಸಾಯ್ತು, ಮರೆವು."

ಕಂಪೌಂಡರ್ ನನ್ನ ಮುಖ ನೋಡಿದರು, ನಗು ನಿಲ್ಲಿಸಿದರು. "ಹೂಂ, ಮರೆವು. ನನಗೂ ಇದೆ," ಅಂದರು.

ಆ ವಾರ ದೊಡ್ಡಪ್ಪ ಮುದ್ದೆಯನ್ನು ಒಣಗಿಸಿ, ಸುತ್ತ ಪ್ಲಾಸ್ಟರ್ ಮೆತ್ತಿ, ನನ್ನ ಕೈಗೆ ಕುಂಚ ಕೊಟ್ಟು, "ಹಸಿರು ಬಳಿ," ಅಂದರು. ಅದು ಗುಡ್ಡವಾಯಿತು. ಮೇಜಿನ ನಡುವೆ ಕೂತಿತು. ಗುಡ್ಡ ಹಿಡಿದವನಿಗೆ ದಾಳದಲ್ಲಿ ಒಂದು ಹೆಚ್ಚು ಅಂತ ಹೊಸ ನಿಯಮವೂ ಬಂತು. ಹತ್ತಿರದಿಂದ ನೋಡಿದರೆ ಹುಲ್ಲಿನ ನಡುವೆ ಕುದುರೆಯ ಕಿವಿ ಈಗಲೂ ಕಾಣುತ್ತದೆ. ಕಂಪೌಂಡರ್ ಅದಕ್ಕೆ ಬೆಕ್ಕಿನ ಗುಡ್ಡ ಅಂತ ಹೆಸರಿಟ್ಟರು. ಸದ್ದಿಲ್ಲದೆ ಓಡಾಡುತ್ತೇನೆಂದು ಅವರು ನನ್ನನ್ನು ಕರೆಯುತ್ತಿದ್ದದ್ದು ಬೆಕ್ಕು ಅಂತಲೇ.

ಹಾಗೆ ನಾನು ಬಣ್ಣ ಕಲಿತೆ. ಮೊದಲು ಗುಡ್ಡ, ಆಮೇಲೆ ಬೇಲಿ, ಆಮೇಲೆ ಬೂಟು, ಕೋಟು, ಗುಂಡಿ. ಕಣ್ಣು ಮಾತ್ರ ದೊಡ್ಡಪ್ಪನದು. "ಕಣ್ಣು ನಂಗೆ ಬಿಡು," ಅನ್ನುವರು. ಎಲ್ಲ ಮುಗಿದ ಮೇಲೆ ಆ ಸಣ್ಣ ಕುಂಚ ತೆಗೆದು, ಉಸಿರು ಕಟ್ಟಿ, ಒಂದು ಕಂದು ಗೀಟು ಎಳೆದು, ಅದರ ಎರಡೂ ಪಕ್ಕ ಬಿಳಿಯ ಚುಕ್ಕೆ ಇಡುವರು. ಅಷ್ಟು ಹೊತ್ತು ನಾನೂ ಉಸಿರು ಬಿಡುತ್ತಿರಲಿಲ್ಲ. ಉಸಿರು ಬಿಟ್ಟಾಗ ಸೀಸದ ತುಂಡು ಹೋಗಿ ಒಬ್ಬ ಮನುಷ್ಯ ಕಿಟಕಿ ನೋಡುತ್ತಿದ್ದ.

ಇನ್ನೊಂದು ನಿಯಮವಿತ್ತು. ಬಣ್ಣ ಪೂರ್ತಿಯಾಗದವನು ಯುದ್ಧಕ್ಕಿಳಿಯುವಂತಿಲ್ಲ. ದೊಡ್ಡಪ್ಪನದೇ ನಿಯಮ. ಒಂದು ಬೂಟಿಗೆ ಕಪ್ಪು ಹಚ್ಚಿರಲಿಲ್ಲವೆಂದು ಒಮ್ಮೆ ಕಂಪೌಂಡರರ ಇಡೀ ಫಿರಂಗಿ ದಳವನ್ನು ವಾಪಸ್ ಪೆಟ್ಟಿಗೆಗೆ ಕಳಿಸಿದ್ದರು. ಎರಡು ಭಾನುವಾರ ಅವರಿಬ್ಬರಿಗೆ ಮಾತಿರಲಿಲ್ಲ.

ಒಂದೂವರೆ ವರ್ಷದ ಹಿಂದೆ ದೊಡ್ಡಪ್ಪನ ಕೈ ನಡುಗತೊಡಗಿತು. ಮೊದಲು ಟೀ ಲೋಟದಲ್ಲಿ ಕಂಡಿತು, ಆಮೇಲೆ ಮೇಣದ ಚಾಕುವಿನಲ್ಲಿ. ಹಲ್ಲು ಕೂರಿಸುವುದನ್ನು ನಾನು ಸದ್ದಿಲ್ಲದೆ ನನ್ನ ಮೇಜಿಗೆ ಎಳೆದುಕೊಂಡೆ. ಅವರೂ ಸದ್ದಿಲ್ಲದೆ ಬಿಟ್ಟುಕೊಟ್ಟರು. ಈಗ ಡಾಕ್ಟರುಗಳು, "ಏನು ಕೈರೀ ನಿಮ್ದು ಈ ವಯಸ್ಸಲ್ಲೂ," ಅಂತ ಫೋನಿನಲ್ಲಿ ಹೊಗಳುತ್ತಾರೆ. ದೊಡ್ಡಪ್ಪ ಹೂಂ ಅನ್ನುತ್ತಾರೆ. ಫೋನಿಟ್ಟು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಾರೆ.

ಕೈ ನಡುಗತೊಡಗಿದ ಆ ದಿನಗಳಲ್ಲಿ ನೀಲಿ ಸೈನ್ಯದ ಬಾವುಟದವನ ಹಳೆ ಬಣ್ಣ ತೆಗೆದಿತ್ತು. ಬಾವುಟವಿಲ್ಲದೆ ಆ ಸೈನ್ಯ ಹೊರಡುವ ಹಾಗಿಲ್ಲ. ದೊಡ್ಡಪ್ಪ ಮುಖಕ್ಕೆ ಬಣ್ಣ ಹಚ್ಚಿ ಕಣ್ಣಿಗೆ ಹೊರಟರು. ಕುಂಚ ಕೆನ್ನೆಗೆ ಹೋಯಿತು. ಒರೆಸಿದರು. ಮತ್ತೆ ಹೋಯಿತು. ಹಾಗೆ ಏಳು ಸಲ. ನಾನು ಬಾಗಿಲಲ್ಲಿದ್ದೆ, ಎಣಿಸಿದೆ. ಅವನ ಮುಖವನ್ನೇ ಒರೆಸಿಹಾಕಿ, ಅವನನ್ನು ಮೇಣದ ಡಬ್ಬಿಯೊಳಗೆ ಹಾಕಿ ಕೋಣೆಯ ಬಾಗಿಲು ಎಳೆದುಕೊಂಡರು. ಆ ಭಾನುವಾರ ಕಂಪೌಂಡರಿಗೆ, "ಕೆಲಸ ಜಾಸ್ತಿ ಕಣಯ್ಯಾ," ಅಂದರು. ಮುಂದಿನ ಭಾನುವಾರವೂ ಅದನ್ನೇ ಅಂದರು. ಕಂಪೌಂಡರ್ ಬರುವರು, ಟೀ ಕುಡಿಯುವರು, ಮಾತ್ರೆಯ ಪೆಟ್ಟಿಗೆಗಳನ್ನು ಬಿಚ್ಚದೆ ವಾಪಸ್ ಒಯ್ಯುವರು. ಆಮೇಲೆ ಪೆಟ್ಟಿಗೆ ತರುವುದನ್ನು ಬಿಟ್ಟರು.

ಮೊನ್ನೆ ಬುಧವಾರ ಬಂದು ಊರು ಬಿಡುವ ವಿಷಯ ಹೇಳಿದರು. "ಭಾನುವಾರ ಒಂದು ಆಟ ಆಡೋಣ. ಒಂದೇ ಒಂದು."

"ಬಾವುಟದವನು ರೆಡಿ ಇಲ್ಲ."

"ಬೋಳು ಸೀಸಾನೇ ಇಳಿಸು, ನಾನು ಮಾಫಿ ಮಾಡಿದೀನಿ."

"ನಿನ್ನ ಮಾಫಿ ಯಾರಿಗೆ ಬೇಕು? ನಿಯಮ ಅಂದ್ರೆ ನಿಯಮ."

"ಹಾಗಾದ್ರೆ ಬೆಕ್ಕು ಬರೀಲಿ."

ದೊಡ್ಡಪ್ಪ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡರು. "ಏನೇ ಆಗ್ಲಿ, ಪೆಟ್ಟಿಗೆ ತರ್ತೀನಿ," ಅಂದು ಕಂಪೌಂಡರ್ ಎದ್ದರು.

ಗುರುವಾರದಿಂದ ಊಟದ ಬಿಡುವಿನಲ್ಲಿ ಬಾವುಟದವನನ್ನು ಹಿಡಿದು ಕೂತೆ. ಕೋಟಿಗೆ ನೀಲಿ, ಮಡಿಕೆಗಳಲ್ಲಿ ಕಡುನೀಲಿ. ಎದೆಪಟ್ಟಿಗೆ ಹುಡುಗಿ ಹಲ್ಲಿನ ಬಿಳಿ. ಹನ್ನೆರಡು ಗುಂಡಿ. ಬಾವುಟದ ಅಂಚಿಗೆ ಹಳದಿ. ಮುಖಕ್ಕೂ ಬಣ್ಣ ಹಚ್ಚಿ, ಮೀಸೆ ಬರೆದು ಅಲ್ಲಿಗೆ ನಿಲ್ಲಿಸಿದೆ. ಕಣ್ಣು ಬರೆಯಲು ನನಗೆ ಬರುತ್ತದೆ. ಪ್ಲಾಸ್ಟರಿನ ತುಂಡುಗಳ ಮೇಲೆ ಬೇರೆ ಕುಂಚದಲ್ಲಿ ಬರೆದು ಬರೆದು ಕಲಿತು, ಅವನ್ನು ಯಾರಿಗೂ ತೋರಿಸದೆ ಎಸೆದಿದ್ದೇನೆ. ಆದರೆ ಹಲ್ಲೆಲ್ಲ ನನ್ನ ಮೇಜಿಗೆ ಬಂದಾಗಿದೆ. ಕಣ್ಣೂ ಬಂದರೆ ಅವರಿಗೆ ಏನು ಉಳಿಯುತ್ತದೆ?

ಮೂರಕ್ಕೆ ಕಂಪೌಂಡರ್ ಬಂದರು. ಹತ್ತಿ ಬಿಚ್ಚಿ ಕೆಂಪು ಸಿಪಾಯಿಗಳನ್ನು ಹೊಳೆಯಾಚೆ ಒಬ್ಬೊಬ್ಬರನ್ನಾಗಿ ನಿಲ್ಲಿಸುತ್ತ, ಪಕ್ಕದ ಕೋಣೆಗೆ ಕೇಳುವ ಹಾಗೆ, "ಏನಯ್ಯಾ, ಸೋಲ್ತೀನಿ ಅಂತ ಹೆದರಿ ಅಡಗಿ ಕೂತ್ಯಾ?" ಅಂದರು.

ಪೇಪರ್ ಮಡಚಿದ ಸದ್ದಾಯಿತು. ದೊಡ್ಡಪ್ಪ ಬಾಗಿಲಿಗೆ ಬಂದರು. ಮೇಜು ನೋಡಿದರು, ಗುಡ್ಡ ನೋಡಿದರು. ನಿಧಾನವಾಗಿ ಬಂದು ತಮ್ಮ ಕುರ್ಚಿಯಲ್ಲಿ ಕೂತು, ಭೂತಗನ್ನಡಿಯ ಅಡಿಯಲ್ಲಿ ಬಾವುಟದವನನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮಡಿಕೆ ಚೆನ್ನಾಗಿ ಬಂದಿದೆ," ಅಂದರು. ಆಮೇಲೆ, "ಕಣ್ಣಿಲ್ಲ."

"ಬೆಕ್ಕೇ, ಎರಡು ಚುಕ್ಕೆ ಇಟ್ಬಿಡಮ್ಮ, ಹೊತ್ತಾಗತ್ತೆ," ಅಂದರು ಕಂಪೌಂಡರ್.

ನಾನು ಇಲ್ಲವೆಂದು ತಲೆಯಾಡಿಸಿದೆ. ಸಣ್ಣ ಕುಂಚ ತೆಗೆದು ಕಂದು ಬಣ್ಣದಲ್ಲಿ ಅದ್ದಿ, ಉಗುರಿನ ಮೇಲೆ ಒಮ್ಮೆ ಎಳೆದು ಹದ ಮಾಡಿದೆ. ಮಣಿಕಟ್ಟು ಊರಲಿಕ್ಕೆ ಒಂದು ಪ್ಲಾಸ್ಟರ್ ದವಡೆಯನ್ನು ದೊಡ್ಡಪ್ಪನ ಮುಂದಿಟ್ಟೆ. ಕುಂಚದ ಹಿಡಿಯನ್ನು ಅವರ ಕಡೆ ಚಾಚಿದೆ. ಎಂಟನೇ ಕ್ಲಾಸಿನಲ್ಲಿ ಎದ್ದು ನಿಂತದ್ದು ನೆನಪಾಯಿತು. ಆದರೆ ಈ ಸಲ ದನಿ ಬಂತು.

"ದೊಡ್ಡಪ್ಪ, ಕಣ್ಣು ನೀವೇ ಬರೀರಿ."

ಅವರು ಕುಂಚ ನೋಡಿದರು. ಬಲಗೈ ಮೇಜಿನ ಮೇಲಿತ್ತು, ಅದರ ನಡುಕಕ್ಕೆ ಹೊಳೆಯ ಪಕ್ಕದ ಬೇಲಿ ಸಣ್ಣಗೆ ಅಲುಗುತ್ತಿತ್ತು. ಕಂಪೌಂಡರ್ ಕೈಯಲ್ಲಿದ್ದ ದಾಳವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು. ದೊಡ್ಡಮ್ಮ ಟೀ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಕಿಟಕಿಯ ಬೆಳಕು ಎಡಗಡೆಯಿಂದ ಬಾವುಟದವನ ಕಣ್ಣಿಲ್ಲದ ಮುಖದ ಮೇಲೆ ಬಿದ್ದಿತ್ತು. ಕುಂಚದ ತುದಿಯ ಹೊಳಪು ಕಡಿಮೆಯಾಗುತ್ತಿತ್ತು.

"ಮೆಳ್ಳೆಗಣ್ಣಾದ್ರೂ ಪರವಾಗಿಲ್ಲ," ಅಂದೆ. "ಬಣ್ಣ ಒಣಗ್ತಾ ಇದೆ, ದೊಡ್ಡಪ್ಪ. ಬರೀರಿ."