ಅತ್ತೆಯನ್ನು ಎತ್ತುವ ಸೊಂಟ

ನನ್ನ ಸೊಂಟ ಹಿಡಿದುಕೊಂಡ ಮೇಲೆ ನಮ್ಮ ಮನೆಯಲ್ಲಿ ಪಕ್ಷಗಳಾದವು. ನಾದಿನಿಯದು ಆಸ್ಟಿಯೋಪತಿ, ಮೈದುನನದು ಕೈರೋಪ್ರಾಕ್ಟಿಕ್. ನನ್ನ ಗಂಡನದು ಎರಡೂ ಕಡೆ ತಲೆಯಾಡಿಸುವ ಪಕ್ಷ.

ಸೊಂಟ ಹಿಡಿದದ್ದು ಹೇಗೆ ಎಂಬುದರಲ್ಲಿ ಗುಟ್ಟೇನಿಲ್ಲ. ಲಕ್ವ ಹೊಡೆದು ಮಲಗಿರುವ ಅತ್ತೆಯನ್ನು ಒಂದು ವರ್ಷದಿಂದ ಹಾಸಿಗೆಯಿಂದ ವೀಲ್‌ಚೇರಿಗೆ, ಅಲ್ಲಿಂದ ಬಚ್ಚಲಿಗೆ, ಮತ್ತೆ ಹಾಸಿಗೆಗೆ ಎತ್ತಿ ಕೂರಿಸುವವಳು ನಾನೇ. ಅತ್ತೆ ತೆಳ್ಳಗಿನವರೇನಲ್ಲ. ಆಮೇಲೆ ಔಷಧಿ ಅಂಗಡಿಗೆ ಹೋಗಿ, ಸಂಜೆಯವರೆಗೆ ನಿಂತು, ಮಂದಿಗೆಲ್ಲ ನೋವಿನ ಮುಲಾಮು ಮಾರುತ್ತೇನೆ. ಈ ಸೊಂಟ ಪೂರ್ತಿ ಕೈಕೊಟ್ಟರೆ ಅತ್ತೆಗೂ ದಿಕ್ಕಿಲ್ಲ, ನನಗೂ ಕೆಲಸವಿಲ್ಲ. ಅದು ಎಲ್ಲರಿಗೂ ಗೊತ್ತು. ಗೊತ್ತಿದ್ದೇ ಚರ್ಚೆ.

ಭಾನುವಾರ, ಪಕ್ಕದ ಬೀದಿಯಿಂದ ನಾದಿನಿ, ಮೈದುನ ಇಬ್ಬರೂ ಬಂದರು. ಅತ್ತೆಯ ಕೋಣೆಯಲ್ಲೇ ಸಭೆ ಸೇರಿತು.

“ಅತ್ತಿಗೆ, ಆಸ್ಟಿಯೋಪತಿಯವ್ರು ಇಡೀ ಮೈ ನೋಡ್ತಾರೆ. ಮೆತ್ತಗೆ ನೀವಿ, ಎಳೆದು, ಸಡಿಲ ಮಾಡ್ತಾರೆ,” ಎಂದಳು ನಾದಿನಿ.

“ನೀವ್ತಾ ಕೂತ್ರೆ ವರ್ಷ ಬೇಕು,” ಎಂದ ಮೈದುನ. “ಕೈರೋದವ್ರು ಬೆನ್ನುಮೂಳೆ ಹಿಡಿದು ಲಟಕ್ ಅನ್ಸಿದ್ರೆ ಮುಗೀತು. ನಮ್ಮ ಮ್ಯಾನೇಜರ್ ಮಾರನೇ ದಿನಾನೇ ಓಡಾಡಿದ್ರು.”

“ಲಟಕ್ ಅಂತ ಮೂಳೆನೇ ಮುರಿದ್ರೆ?”

“ನಿನ್ನ ತಲೆ!”

“ಇಬ್ರು ಹೇಳೋದ್ರಲ್ಲೂ ಅರ್ಥ ಇದೆ,” ಎಂದರು ನನ್ನ ಗಂಡ, ಫೋನಿನಿಂದ ತಲೆಯೆತ್ತದೆ. ಎರಡೂ ಕ್ಲಿನಿಕ್ಕುಗಳಿಗೆ ಯಾರು ಎಷ್ಟು ಸ್ಟಾರ್ ಕೊಟ್ಟಿದ್ದಾರೆಂದು ನೋಡುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಅಷ್ಟರಲ್ಲಿ ಅತ್ತೆ, “ಬಾತ್‌ರೂಮಿಗೆ ಹೋಗ್ಬೇಕು” ಎಂದರು.

ಸಭೆ ನಿಂತಿತು. ಮೂವರೂ ನನ್ನ ಕಡೆ ನೋಡಿದರು. ಮೂವರೂ ಗಟ್ಟಿಮುಟ್ಟು, ಮೂವರೂ ಇಷ್ಟು ಹೊತ್ತು ನನ್ನ ಸೊಂಟದ ಬಗ್ಗೆಯೇ ಗಂಟಲು ಹರಿದುಕೊಂಡವರು! ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಹಾಳು ಅಭ್ಯಾಸ, ಬಗ್ಗಿದೆ. ಅತ್ತೆಯ ತೋಳು ನನ್ನ ಕುತ್ತಿಗೆಗೆ ಬಂತು. ಎತ್ತುವಷ್ಟರಲ್ಲಿ ಸೊಂಟ ಛಳಕ್ ಎಂದಿತು. ಅವರು ಹಾಸಿಗೆಗೇ ಕುಸಿದು ಕೂತರು, ನಾನು ನೆಲಕ್ಕೆ ಬಿದ್ದೆ.

“ಮುಟ್ಬೇಡಿ, ಆಸ್ಟಿಯೋಪತಿಯವ್ರೇ ನೋಡ್ಲಿ!” ಎಂದು ನಾದಿನಿ ಕೂಗಿದಳು.

“ಮೊನ್ನೆನೇ ಲಟಕ್ ಅನ್ಸಿದ್ರೆ ಹೀಗಾಗ್ತಿತ್ತಾ?” ಎಂದ ಮೈದುನ.

“ಈಗ್ಲೇ ಬುಕ್ ಮಾಡ್ತೀನಿ. ಯಾವ್ದು ಮಾಡ್ಲಿ? ಬೇಗ ಹೇಳು,” ಎಂದರು ಗಂಡ.

“ಯಾವ್ದಾದ್ರೂ ಮಾಡ್ರೀ! ಇಬ್ರೂ ರಿಪೇರಿ ಮಾಡಿ ವಾಪಸ್ ಇಲ್ಲಿಗೇ ತಾನೇ ಕಳಿಸೋದು? ಆಮೇಲೆ ನಿಮ್ಮಮ್ಮನ್ನ ಎತ್ತೋದ್ಯಾರು?”



“ಇವಳಂತೂ ಅಲ್ಲ,” ಎಂದರು ಅತ್ತೆ. ಇಷ್ಟು ದಿನ ನನ್ನ ಹಿಡಿತ ಸರಿಯಿಲ್ಲ, ನಡೆ ಸರಿಯಿಲ್ಲ ಎಂದು ಗೊಣಗಿದ ಅದೇ ಅತ್ತೆ. “ಇನ್ಮೇಲೆ ಇವಳು ಎತ್ತೋಕೆ ಬಂದ್ರೆ ನಾನು ಏಳೋದೇ ಇಲ್ಲ. ಇಲ್ಲೇ ಒದ್ದೆ ಮಾಡ್ಕೋತೀನಿ. ಬಾರೋ, ನಿಂಗೇ ಹೇಳ್ತಿರೋದು.”

ಗಂಡ ಫೋನನ್ನು ಮಂಚದ ಮೇಲಿಟ್ಟು ತಾಯಿಯ ಮುಂದೆ ನಿಂತರು. ಕೈ ಚಾಚಿದರು, ಹಿಂದಕ್ಕೆಳೆದುಕೊಂಡರು, ಮತ್ತೆ ಚಾಚಿದರು. ಕೊನೆಗೆ ನನ್ನ ಕಡೆ ತಿರುಗಿ, “ಎಲ್ಲಿ ಹಿಡ್ಕೋಬೇಕೇ?” ಎಂದು ಕೇಳಿದರು.

ಒಂದು ವರ್ಷ. ಒಂದೇ ಮನೆ. ಬಿದ್ದಲ್ಲೇ ನನಗೆ ಸಿಟ್ಟಿಗೆ ಅಳು ಬಂತು.

“ಕಂಕುಳ ಕೆಳಗೆ,” ಎಂದೆ.