ಬಿಳಿ ಚುಕ್ಕೆ

ಯಾರೂ ಹೇಳದಿದ್ದರೂ ಅವಳು ತೋಳು ಮಡಚಿ ಲೋಟ ತೊಳೆಯುತ್ತಿದ್ದಳು. ಸಾವಿನ ಮನೆಯಲ್ಲಿ ಗುರುತಿಲ್ಲದವರಿಗೆ ಎಲ್ಲಿ ಕೂರಬೇಕೆಂದು ತಿಳಿಯುವುದಿಲ್ಲ. ಅಡುಗೆಮನೆಯ ನಲ್ಲಿಯ ಮುಂದೆ ನಿಂತುಬಿಟ್ಟರೆ ನೀನ್ಯಾರು ಎಂದು ಯಾರೂ ಕೇಳುವುದಿಲ್ಲ. ಚಹಾ ಕುಡಿದ ಲೋಟಗಳು ಬರುತ್ತಲೇ ಇದ್ದವು. ತೊಳೆದು, ಬೋರಲು ಹಾಕಿ, ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದಳು. ಕಿಟಕಿಯಾಚೆ ಕೆರೆ ಕಾಣುತ್ತಿತ್ತು. ಇಷ್ಟು ವರ್ಷ ಮೇಲಿನಿಂದಲೇ ನೋಡಿದ ಕೆರೆ. ಅದಕ್ಕೆ ಅಲೆಗಳಿರುತ್ತವೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ನಡುಮನೆಯಲ್ಲಿ ದೋಣಿಯವನು ಮಲಗಿದ್ದ. ಬಿಳಿ ಶರ್ಟು, ಕತ್ತಿನವರೆಗೂ ಗುಂಡಿ. ಫೋನಿನ ದನಿ ಕೇಳಿ ಎತ್ತರದ ಆಳು ಎಂದುಕೊಂಡಿದ್ದಳು. ಮಂಚವೇ ಅವನಿಗೆ ದೊಡ್ಡದಾಗಿತ್ತು.

"ಈ ಶರ್ಟು ಹೊಲಿದು ಇನ್ನೂ ತಿಂಗಳಾಗಿಲ್ಲ," ಎಂದ ಪಕ್ಕದ ಮನೆಯ ದರ್ಜಿ. "ಭುಜ ನೆಟ್ಟಗೆ ಕೂರ್ಬೇಕು ಕಣಯ್ಯಾ, ನೋಡೋರು ಮೇಲಿಂದ ನೋಡ್ತಾರೆ ಅಂತ ನನ್ನ ಪ್ರಾಣ ತಿಂದ."

"ನಿನ್ನೊಬ್ಬಂದೇನಾ?" ಸತ್ತವನ ಅಕ್ಕ ಮೂಗು ಒರೆಸಿಕೊಂಡಳು. "ನನ್ನ ಮಗನ ಮದುವೇಲಿ ಫೋಟೋಗೆ ನಿಂತ್ಕೊಳ್ಳೋ ಅಂದ್ರೆ, ಹೋಗೇ, ನನ್ನ ಫೋಟೋ ಆಕಾಶದಿಂದ ತೆಗೀತಾರೆ ಅಂದ. ಈಗ ನೋಡಿದ್ರೆ ಮನೇಲಿ ಗೋಡೆಗೆ ಹಾಕೋಕೆ ಒಂದು ಫೋಟೋ ಇಲ್ಲ."

ಕೂತವರು ನಕ್ಕರು. ನಕ್ಕಿದ್ದಕ್ಕೆ ನಾಚಿ ತಲೆ ತಗ್ಗಿಸಿದರು. ಅಡುಗೆಮನೆಯಲ್ಲಿ ಅವಳ ಕೈ ಲೋಟದೊಳಗೇ ನಿಂತಿತು.

*

ಉಪಗ್ರಹ ಕಳಿಸುವ ಚಿತ್ರಗಳಲ್ಲಿ ಕೆರೆಯ ಬಣ್ಣ ನೋಡಿ, ನೀರು ಕೆಡುತ್ತಿದೆಯೇ ಎಂದು ಹೇಳುವುದು ಅವಳ ಕೆಲಸ. ಪಾಚಿ ದಡದವರ ಕಣ್ಣಿಗೆ ಬೀಳುವ ಮೊದಲೇ ಚಿತ್ರದಲ್ಲಿ ನೀರು ಹಸಿರಿಗೆ ತಿರುಗಿರುತ್ತದೆ. ಆದರೆ ಚಿತ್ರವನ್ನು ಹಾಗೆಯೇ ನಂಬುವಂತಿಲ್ಲ. ಉಪಗ್ರಹ ಹಾದುಹೋಗುವ ಹೊತ್ತಿಗೇ ಯಾರಾದರೂ ನಡುಕೆರೆಯಲ್ಲಿದ್ದು, ಹಗ್ಗಕ್ಕೆ ಕಟ್ಟಿದ ತಟ್ಟೆಯನ್ನು ನೀರಿಗಿಳಿಸಿ, ಅದು ಎಷ್ಟು ಆಳಕ್ಕೆ ಮರೆಯಾಯಿತೆಂದು ಹೇಳಬೇಕು. ಅದಕ್ಕೆ ಅವನಿದ್ದ. ಆಕಾಶ ತಿಳಿಯಾಗಿದ್ದ ದಿನ ಅವಳು ದೂರದ ಊರಿನಿಂದ ಫೋನು ಮಾಡಿ ಅವನನ್ನು ಹೊರಡಿಸುತ್ತಿದ್ದಳು.

ಮೊದಲ ವರ್ಷವೇ ಕೇಳಿದ್ದ. "ಮೇಡಂ, ಅದು ಮೇಲೆ ಹೋಗ್ತಿದೆಯಲ್ಲ, ಅದಕ್ಕೆ ನಾನು ಕಾಣ್ತೀನಾ?"

ಆ ಚಿತ್ರವೆಂದರೆ ಬಣ್ಣದ ಚೌಕಗಳ ಜೋಡಣೆ; ಒಂದೊಂದು ಚೌಕವೂ ನೆಲದ ಮೇಲೆ ಒಂದು ಮನೆಯಷ್ಟು ಅಗಲ. ದೋಣಿ, ಹುಟ್ಟು, ಅವನು ಎಲ್ಲ ಸೇರಿದರೂ ಅದರ ಒಂದು ಮೂಲೆ ತುಂಬದು. ಆ ದಿನ ಬೆಳಗಿನಿಂದ ಅವಳೊಡನೆ ಬೇರೆ ಯಾರೂ ಮಾತಾಡಿರಲಿಲ್ಲ.

"ಕಾಣ್ತೀರಿ," ಎಂದಳು. "ಒಂದು ಬಿಳಿ ಚುಕ್ಕೆ."

"ನನ್ನ ಶರ್ಟು ನೀಲಿ."

"ಬಿಸಿಲಿಗೆ ಹಾಗೆ ಕಾಣುತ್ತೆ."

ಮುಂದಿನ ಸಲದಿಂದ ಬಿಳಿ ಶರ್ಟು ಹಾಕಿಕೊಂಡೇ ಹೋದ. ಬೀದಿಯವರು ಅವನನ್ನು ಚುಕ್ಕೆ ಎಂದೇ ಕರೆಯತೊಡಗಿದರಂತೆ. ಅದನ್ನೂ ಅವನೇ ಹೆಮ್ಮೆಯಿಂದ ಹೇಳಿದ್ದ. "ಇವತ್ತು ಎಲ್ಲಿದ್ದೆ ಹೇಳಿ ನೋಡೋಣ," ಎನ್ನುತ್ತಿದ್ದ. ಅವನು ಹಿಂದೆಂದೋ ಬಾಯಿಬಿಟ್ಟಿದ್ದನ್ನೇ ನೆನೆದು ಅವಳು, "ಎರಡು ಬಂಡೆಗಳ ಮಧ್ಯೆ," ಎನ್ನುತ್ತಿದ್ದಳು. ಆಮೇಲೆ ಸುಮ್ಮನೆ ಮಾತು. ತೀರಿಕೊಂಡ ಹೆಂಡತಿ, ಮಗಳ ಮುಂಗೋಪ, ಗಾಳಿ. ಮೋಡವಿದ್ದ ದಿನ ಫೋನು ಮಾಡಲು ಕಾರಣವಿರುತ್ತಿರಲಿಲ್ಲ. ಮಳೆಗಾಲ ಅವಳಿಗೆ ಬಲು ಉದ್ದವಾಗಿರುತ್ತಿತ್ತು.

"ಒಂದ್ಸಲ ಬನ್ನಿ ಇಲ್ಲಿಗೆ," ಎಂದಿದ್ದ. "ನೀರು ಕೈಗೆ ಹೇಗಿರುತ್ತೆ ನೋಡಿ."

"ದಿನಾ ನೋಡ್ತೀನಲ್ಲ."

ಅವನು ಮತ್ತೆ ಹುಟ್ಟು ಹಾಕತೊಡಗಿದ ಸದ್ದು ಕೇಳಿಸಿತ್ತು.

ನಿನ್ನೆ ಆಕಾಶ ತಿಳಿಯಾಗಿತ್ತು. ಫೋನು ಎತ್ತಿದ್ದು ಮಗಳು.

*

"ಸಾಕು ಬಿಡಿ, ನಾನು ತೊಳೀತೀನಿ."

"ಇನ್ನೆರಡೇ ಇವೆ."

ಬಾಗಿಲಲ್ಲಿ ನಿಂತಿದ್ದ ಹುಡುಗಿ ಹತ್ತಿರ ಬಂದಳು. "ಫೋನಿನ ಮೇಡಂ ಅಲ್ವಾ ನೀವು?"

ಅವಳು ತಲೆಯಾಡಿಸಿದಳು.

"ಅಪ್ಪ ನಿಮ್ಮ ಹಾಗೇ ಮಾತಾಡಿ ತೋರಿಸ್ತಿದ್ರು. 'ಇವತ್ತು ಮೋಡ ಇಲ್ಲ, ಹೊರಡಿ.' ನಾನು ಮಾಡಿದ್ರೆ ಮಾತ್ರ ಸಿಟ್ಟು ಬರ್ತಿತ್ತು." ಹುಡುಗಿ ನಗಲು ಹೋಗಿ ಅರ್ಧಕ್ಕೇ ಬಿಟ್ಟಳು. ಆಮೇಲೆ ಅವಳ ಒದ್ದೆ ಕೈ ಹಿಡಿದು ನಡುಮನೆಗೆ ಕರೆದೊಯ್ದಳು. ಗೋಡೆಗೆ ಹೊಸ ಮೊಳೆ ಹೊಡೆದಿತ್ತು. ಕೆಳಗೆ ಖಾಲಿ ಚೌಕಟ್ಟು ಒರಗಿಸಿತ್ತು.

"ಗುರುತಿನ ಚೀಟೀಲಿ ಇರೋದು ಅಪ್ಪನೇ ಅಲ್ಲ, ಯಾವನೋ ಕಳ್ಳನ ಹಾಗಿದೆ," ಎಂದಳು ಹುಡುಗಿ. "ನಿಮ್ಮ ಹತ್ರ ಅಷ್ಟೊಂದು ಇವೆಯಲ್ಲ. ಕೊನೇ ಸಲದ್ದು ಇದೆಯಾ?"

ಇತ್ತು. ಅವಳು ಫೋನು ತೆಗೆದಳು. ದರ್ಜಿ ಎದ್ದು ಬಂದ. ಅಕ್ಕ ಕನ್ನಡಕ ಹುಡುಕಿ ಹಾಕಿಕೊಂಡಳು. ನೀಲಿ ಕೆರೆ, ದಡದುದ್ದಕ್ಕೂ ತೆಳು ಹಸಿರು. ಹುಡುಗಿ ಎರಡು ಬೆರಳಿಟ್ಟು ಹಿಗ್ಗಿಸಿದಳು. ಕೆರೆ ಚೌಕ ಚೌಕವಾಗಿ ಒಡೆಯಿತು.

"ಎಲ್ಲೇ? ನಂಗೇನೂ ಕಾಣ್ತಿಲ್ಲ," ಎಂದಳು ಅಕ್ಕ.

"ಸುಮ್ನಿರಿ ಅತ್ತೆ. ಮೇಡಂಗೆ ಗೊತ್ತು."

ಅವಳಿಗೆ ಒಂದೊಂದು ಚೌಕವೂ ಗೊತ್ತಿತ್ತು. ಕೆಲಸ ಮುಗಿದ ಮೇಲೂ ಕೂತು, ಹೀಗೆಯೇ ಹಿಗ್ಗಿಸಿ, ಎರಡು ಬಂಡೆಗಳ ಮಧ್ಯೆ ಹುಡುಕುತ್ತಿದ್ದಳು. ಇರಲಾರದು ಎಂದು ಗೊತ್ತಿದ್ದೂ ಹುಡುಕುತ್ತಿದ್ದಳು.

ಅವಳ ಬೆರಳ ತುದಿಯಿಂದ ನೀರಿನ ಹನಿಯೊಂದು ಗಾಜಿನ ಮೇಲೆ ಬಿತ್ತು. ಕಿಟಕಿಯ ಬೆಳಕಿಗೆ ಕೆರೆಯ ನಡುವೆ ಬೆಳ್ಳಗೆ ಹೊಳೆಯಿತು. ಹುಡುಗಿ ಅದನ್ನು ತನ್ನ ತೋಳಿನಿಂದ ಜೋಪಾನವಾಗಿ ಒರೆಸಿ, ಫೋನನ್ನು ಮತ್ತೆ ಅವಳ ಮುಂದೆ ಹಿಡಿದಳು.

"ಅಪ್ಪ ಎಲ್ಲಿದಾರೆ, ಬೆರಳಿಟ್ಟು ತೋರ್ಸಿ."