ನನ್ನ ತಿದಿಯ ಗಾಳಿ

ನಾನು ಕಮ್ಮಾರನ ಮಗಳು. ಕುಲುಮೆಗೆ ಗಾಳಿ ಊದುವ ತಿದಿಯನ್ನು ನಾನು ಒತ್ತಿದರೆ ಕಬ್ಬಿಣ ಬೆಣ್ಣೆಯಾಗುತ್ತದೆ, ಎದುರುಮನೆಯ ಹೆಂಚು ಹಾರುತ್ತದೆ. ಒಮ್ಮೆ ನಮ್ಮ ಕುಲುಮೆಯ ಮುಂದೆ ಹೋಗುತ್ತಿದ್ದ ಕತ್ತೆ ಪಕ್ಕದ ಊರಿನಲ್ಲಿ ಸಿಕ್ಕಿತ್ತು. ಹುಡುಗಿ ಬಡಾಯಿ ಕೊಚ್ಚುತ್ತಾಳೆ ಅನ್ನುವವರು ಆ ಕತ್ತೆಯನ್ನೇ ಕೇಳಲಿ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನಮ್ಮಲ್ಲಿ ಅರಸ ತೀರಿಕೊಂಡರೆ ಮುಂದಿನವರನ್ನು ಆರಿಸುವುದು ಗುಡಿಯ ಜ್ಯೋತಿ. ಪಟ್ಟ ಕೇಳುವ ಇಬ್ಬರನ್ನು ಅದರ ಆಚೀಚೆ ಕೂರಿಸುತ್ತಾರೆ. ಅದು ಯಾರ ಕಡೆ ಬಾಗುತ್ತದೋ ಅವರಿಗೆ ಸಿಂಹಾಸನ. ಈ ಸಲ ಒಂದು ಕಡೆ ಅರಸನ ಮಗಳು, ನನ್ನದೇ ವಯಸ್ಸು. ಇನ್ನೊಂದು ಕಡೆ ಮಂತ್ರಿಯ ಸೋದರಳಿಯ, ಆಕಳಿಸುವುದಕ್ಕೂ ಮಾವನ ಅಪ್ಪಣೆ ಕೇಳುವವನು.

ಮಂತ್ರಿ ನನ್ನಪ್ಪನನ್ನು ಸೆರೆಗೆ ಹಾಕಿಸಿ ನನ್ನನ್ನು ಕರೆಸಿದ. ಅರಸನ ಮಗಳ ಪೀಠದ ಹಿಂದಿನ ಗೋಡೆಯಲ್ಲಿ ತೂತು ಕೊರೆಸಿದ್ದ. ಗೋಡೆಯಾಚೆ ಕೂತು ನಾನು ಗಾಳಿ ಊದಬೇಕು, ಜ್ಯೋತಿ ಅಳಿಯನ ಕಡೆ ಬಾಗಬೇಕು. ಬಾಗದಿದ್ದರೆ ಅಪ್ಪನ ತಲೆ ಉಳಿಯದು ಅಂದ. ಕುಲುಮೆ ಹೊತ್ತಿಸುವ ಮುನ್ನ ದಿನವೂ ಅದೇ ಜ್ಯೋತಿಯ ದಿಕ್ಕಿಗೆ ಕೈಮುಗಿಯುವ ಅಪ್ಪ! ದೇವರೇ, ನನ್ನ ಜೊತೆ ಆಮೇಲೆ ಜಗಳಾಡು, ಮೊದಲು ಅಪ್ಪ ಮನೆಗೆ ಬರಲಿ ಎಂದುಕೊಂಡು ತಿದಿಯ ಮೂತಿಯನ್ನು ತೂತಿಗಿಟ್ಟೆ.

ಗಂಟೆ ಬಡಿಯಿತು. ಒತ್ತಿದೆ. ಗೋಡೆಯ ಬಿರುಕಿಗೆ ಕಣ್ಣಿಟ್ಟು ನೋಡಿದರೆ ಜ್ಯೋತಿ ಅರಸನ ಮಗಳ ಕಡೆಗೆ, ಅಂದರೆ ಗಾಳಿ ಬರುವ ಕಡೆಗೇ ಬಾಗಿತ್ತು. ಮೈಯ ಕಸುವನ್ನೆಲ್ಲ ಹಾಕಿದೆ. ಅಳಿಯನ ಪೇಟ ಹಾರಿ ಹೋಗಿ ಹೊಸ್ತಿಲಲ್ಲಿ ಬಿತ್ತು. ಜ್ಯೋತಿ ಮಾತ್ರ ಹೊಳೆಯ ನೀರಿಗೆ ಬಗ್ಗಿದ ಜಿಂಕೆಯ ಕತ್ತಿನಂತೆ ನನ್ನ ಗಾಳಿಯೊಳಕ್ಕೇ ಚಾಚಿಕೊಂಡಿತು.

ನಾನು ಮೋಸ ಮಾಡಿ ಗಾಳಿಯನ್ನು ಹಿಂದಕ್ಕೆ ಎಳೆಯುತ್ತಿದ್ದೇನೆ ಅಂದುಕೊಂಡ ಮಂತ್ರಿ, ತುಂಬಿದ ಸಭೆಯನ್ನೇ ಮರೆತು ಓಡಿಬಂದು ತೂತಿಗೆ ಮುಖವಿಟ್ಟ.

“ಏನೇ, ಗಾಳಿ ಎಳೀತಿದ್ದೀಯಾ? ಊದು ಅಂತ ತಾನೇ ನಾನು ಹೇಳಿದ್ದು?”

“ಊದ್ತಾನೇ ಇದೀನಿ ಸ್ವಾಮಿ. ನಿಮ್ಮ ಗಡ್ಡ ನೋಡ್ಕೊಳ್ಳಿ.”

ಮಂತ್ರಿಯ ಮೊಳದುದ್ದದ ಗಡ್ಡ ಹೆಗಲ ಮೇಲಿಂದ ಹಿಂದಕ್ಕೆ ಹಾರಿ ಅಳಿಯನ ಕಡೆ ತೋರಿಸುತ್ತಿತ್ತು. ಜ್ಯೋತಿ ಅದಕ್ಕೆ ಎದುರಾಗಿ, ಒಂದಿಷ್ಟೂ ನಡುಗದೆ ಬಾಗಿ ನಿಂತಿತ್ತು. ಮಂತ್ರಿಯ ಕಾವಲುಭಟರೇ ಮೊದಲು ಈಟಿ ಕೆಳಗಿಟ್ಟು ಮಂಡಿಯೂರಿದರು. ಆಮೇಲೆ ಇಡೀ ಗುಡಿ.

ಹೊಸ ಅರಸಿಯ ಮೊದಲ ಅಪ್ಪಣೆ ಮಂತ್ರಿಯನ್ನು ಹಿಡಿಯುವುದು, ಎರಡನೆಯದು ಅಪ್ಪನನ್ನು ಬಿಡುವುದು. ಸಂಜೆ ಮನೆಗೆ ಬಂದ ಅಪ್ಪ ಕೇಳಿದ್ದು ಒಂದೇ ಮಾತು.

“ಮೆಲ್ಲಗೆ ಊದಿದ್ಯಾ ಮಗಳೇ?”

“ಇಲ್ಲಪ್ಪ. ಕಬ್ಬಿಣ ಕರಗಿಸೋ ಹಾಗೆ ಊದಿದೆ.”

ಜ್ಯೋತಿ ಬಾಗಿದ್ದನ್ನು ಊರೆಲ್ಲ ಕಂಡಿತ್ತು. ಅದು ಎಂಥ ಗಾಳಿಗೆ ಎದುರು ಬಾಗಿತು ಎಂಬುದನ್ನು ಬಲ್ಲವರು ನಾವಿಬ್ಬರೇ. ಅಪ್ಪ ಕುಲುಮೆಯ ಕಟ್ಟೆಯ ಮೇಲೆ ಕುಸಿದು ಕೂತು, ಬಹಳ ಹೊತ್ತು ಆ ಹಳೆಯ ತಿದಿಯನ್ನೇ ನೋಡುತ್ತಿದ್ದ. ಅವತ್ತು ನಾನೂ ಕತ್ತೆಯ ಮಾತು ಎತ್ತಲಿಲ್ಲ.